ಹಳೇ ಹಡಗಿನಲ್ಲಿ ಅಲಾಸ್ಕಾ ನೋಡಲು ಹೋಗಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ

ತೀರದಾಚೆ:

ನಮಸ್ಕಾರ ಎಲ್ಲರಿಗೂ. ಒಂದು ಸಲ ಹಿಮನದಿಯನ್ನು ಕಣ್ಣೆದುರು ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ. ಮುಂದಿನ ಬೇಸಿಗೆಯಲ್ಲಿ ನಾವಿಬ್ಬರೂ ಅಲಾಸ್ಕಾಕ್ಕೆ ಏಳು ದಿನದ ಕ್ರೂಸ್ ಹೋಗೋಣ ಎಂದು ತೀರ್ಮಾನ ಮಾಡಿದ್ದೇವೆ. ಇಬ್ಬರಿಗೂ ಇದು ಮೊದಲ ಹಡಗು ಪ್ರಯಾಣ. ಅಮ್ಮನಿಗೆ 71, ಮಂಡಿ ನೋವಿದೆ, ನಡೆಯುತ್ತಾರೆ ಆದರೆ ನಿಧಾನ.

ಈಗ ಎರಡು ಹಡಗುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಹೊಸದು, ಭಾರಿ ದೊಡ್ಡದು, ಸುಮಾರು 4,000 ಜನರನ್ನು ಹಿಡಿಯುತ್ತದೆ, ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ವಾಪಸ್. ಇನ್ನೊಂದು 1999ರಲ್ಲಿ ಕಟ್ಟಿದ್ದು, ಸುಮಾರು 1,400 ಜನರದ್ದು, ವ್ಯಾಂಕೂವರ್‌ನಿಂದ ಹೊರಡುತ್ತದೆ, ಒಂದು ಇಡೀ ದಿನ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಯ ಒಳಗೆ ಇರುತ್ತದೆ. ಹೊಸ ಹಡಗಿನ ಪಟ್ಟಿಯಲ್ಲಿ ಗ್ಲೇಸಿಯರ್ ಬೇ ಇಲ್ಲ, ಬೇರೆ ಒಂದು ಕಡಲ ಕಣಿವೆ ಇದೆ. ಹಳೆಯದರ ದರವೂ ಕಡಿಮೆ.

ಮನಸ್ಸು ಹಳೆಯದರ ಕಡೆಗೇ ಇದೆ. ಆದರೆ ಅದರ ಬಗ್ಗೆ ಓದಿದರೆ ಒಬ್ಬರು "ಮನೆಗೆ ಬಂದ ಹಾಗಾಯಿತು" ಅಂತಾರೆ, ಇನ್ನೊಬ್ಬರು "ಕಾರ್ಪೆಟ್ ಸವೆದಿದೆ, ಬಾತ್‌ರೂಮ್ ಹಳೇ ಕಾಲದ್ದು, ಲಿಫ್ಟ್ ಕೆಟ್ಟಿತ್ತು" ಅಂತಾರೆ. ತಂಗಿಯಂತೂ ಅಷ್ಟು ಹಳೇ ಹಡಗಿನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಲೇಬೇಡ ಎಂದು ಹಟ ಹಿಡಿದಿದ್ದಾಳೆ. ಸುರಕ್ಷತೆ ಹೇಗೆ, ಜಾಸ್ತಿ ಅಲುಗಾಡುತ್ತದಾ, ಕಿಟಕಿ ಇಲ್ಲದ ಕ್ಯಾಬಿನ್ ತೆಗೆದುಕೊಂಡರೆ ಪರವಾಗಿಲ್ವಾ? ಗೊತ್ತಿರುವವರು ಹೇಳಿ.

ಉಪ್ಪುಗಾಳಿ:

ನಾನು ಇಂಥದೇ ಹಡಗಿನಲ್ಲಿ, ಇದೇ ದಾರಿಯಲ್ಲಿ ಹೋಗಿ ಬಂದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಹೋಗುವ ಮೊದಲು ನನಗೆ ಇದನ್ನೆಲ್ಲ ಹೇಳುವವರು ಯಾರೂ ಇರಲಿಲ್ಲ.

ಮೊದಲು ಒಂದು ಮಾತು. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದ ಒಳಗೆ ದಿನಕ್ಕೆ ಎರಡೇ ಎರಡು ಕ್ರೂಸ್ ಹಡಗು ಬಿಡುತ್ತಾರೆ. ಪರವಾನಗಿ ಇರುವ ಕಂಪನಿಗಳು ಕೆಲವೇ. ಅದು ನಿಮ್ಮ ಹಳೇ ಹಡಗಿಗೆ ಇದೆ, ಹೊಸದಕ್ಕೆ ಇಲ್ಲ ಅಂದ ಮೇಲೆ ನನ್ನ ಲೆಕ್ಕದಲ್ಲಿ ಅರ್ಧ ತೀರ್ಮಾನ ಆಯಿತು. ಅಮ್ಮ ನೋಡಬೇಕೆಂದಿರುವುದು ಹಿಮನದಿ ತಾನೇ?

ಆ ದಿನ ಹೇಗಿರುತ್ತದೆ ಹೇಳುತ್ತೇನೆ. ಬೆಳಗ್ಗೆ ಹಡಗು ಕೊಲ್ಲಿಯ ಬಾಯಿಗೆ ಬರುತ್ತದೆ, ಅಲ್ಲಿ ಉದ್ಯಾನದ ರೇಂಜರ್‌ಗಳು ಸಣ್ಣ ದೋಣಿಯಲ್ಲಿ ಪಕ್ಕಕ್ಕೆ ಬಂದು ಏಣಿ ಹತ್ತಿ ಒಳಗೆ ಬರುತ್ತಾರೆ. ಇಡೀ ದಿನ ಧ್ವನಿವರ್ಧಕದಲ್ಲಿ ಅವರದ್ದೇ ವಿವರಣೆ. ಹಡಗು ಎಲ್ಲೂ ದಡಕ್ಕೆ ಕಟ್ಟುವುದಿಲ್ಲ, ಯಾರೂ ಇಳಿಯುವುದಿಲ್ಲ, ಡೆಕ್ ಮೇಲೆ ನಿಂತು ನೋಡುವುದಷ್ಟೇ. 1794ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಇಲ್ಲಿಗೆ ಬಂದಾಗ ಈ ಕೊಲ್ಲಿ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ, ಬಾಯಿಯ ಹತ್ತಿರವೇ ಹಿಮದ ಗೋಡೆ ನಿಂತಿತ್ತು. ಆ ಹಿಮ ಇವತ್ತಿಗೆ ಸುಮಾರು 100 ಕಿ.ಮೀ. ಹಿಂದೆ ಸರಿದಿದೆ. ಅಂದರೆ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ನೀವು ತೇಲಿಕೊಂಡು ಹೋಗುವುದೆಲ್ಲ ಒಂದು ಕಾಲದ ಹಿಮನದಿಯ ಜಾಗದಲ್ಲೇ. ಬಾಯಿಯ ಹತ್ತಿರ ದಟ್ಟ ಕಾಡು, ಒಳಗೆ ಹೋದ ಹಾಗೆ ಮರ ಗಿಡ್ಡವಾಗುತ್ತವೆ, ಆಮೇಲೆ ಪೊದೆ, ಆಮೇಲೆ ಬರೀ ಬಂಡೆ. ಯಾಕೆ ಹೀಗೆ ಎಂದು ರೇಂಜರ್ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಹಿಮ ಸರಿದು ಎಷ್ಟು ವರ್ಷ ಆಯಿತೋ ಅಷ್ಟೇ ಆ ಕಾಡಿನ ವಯಸ್ಸು.

ಕೊನೆಗೆ ಮಾರ್ಜರಿ ಹಿಮನದಿ. ಸುಮಾರು 34 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗಿಂತ ಅಗಲ, ನೀರಿನ ಮೇಲೆ ಕಾಣುವ ಗೋಡೆಯೇ ಸುಮಾರು 75 ಮೀಟರ್ ಎತ್ತರ. ಅದರ ಮುಂದೆ ಹಡಗು ನಿಂತುಬಿಡುತ್ತದೆ. ಒಂದು ತುಂಡು ಕಳಚಿ ಬಿದ್ದರೆ ಮೊದಲು ಕಣ್ಣಿಗೆ ಕಾಣುತ್ತದೆ, ಆಮೇಲೆ ಸದ್ದು ಬಂದು ಎದೆಗೆ ತಾಗುತ್ತದೆ. ಅಲ್ಲಿನ ಮೂಲ ನಿವಾಸಿಗಳಾದ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಎನ್ನುತ್ತಾರಂತೆ. ಮೋಡ ಮುಸುಕಿದ ದಿನ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಹಿಮದ ನೀಲಿ ಬಣ್ಣ ಬಿಸಿಲಿಗಿಂತ ಮೋಡದಲ್ಲೇ ಗಾಢವಾಗಿ ಕಾಣುತ್ತದೆ.

ಈಗ ಹಡಗಿನ ವಿಷಯ. ಆ ಕಾಲದ ಹಡಗುಗಳಲ್ಲಿ ನನಗೆ ಅತಿ ಇಷ್ಟವಾದದ್ದು ಪ್ರಾಮೆನೇಡ್ ಡೆಕ್. ತೇಗದ ಹಲಗೆ ಹಾಸಿದ ಅಗಲವಾದ ದಾರಿ, ಹಡಗಿನ ಸುತ್ತ ಒಂದು ಪೂರ್ತಿ ಸುತ್ತು, ನೀರಿಗೆ ಹತ್ತಿರ, ಮೇಲೆ ಸೂರು, ಒರಗಿಕೊಳ್ಳುವ ಮರದ ಕುರ್ಚಿಗಳು. ಮಳೆ ಬಂದರೂ ಅಲ್ಲೇ ಕೂತು ನೋಡಬಹುದು. ಹೊಸ ಹಡಗುಗಳಲ್ಲಿ ಎಷ್ಟೋ ಕಡೆ ಈ ಜಾಗವನ್ನು ಕ್ಯಾಬಿನ್‌ಗೋ ಅಂಗಡಿಗೋ ಕೊಟ್ಟುಬಿಟ್ಟಿರುತ್ತಾರೆ. ಬಾಲ್ಕನಿ ಇಲ್ಲದವರು ಮೇಲಿನ ಡೆಕ್‌ಗೆ ಹತ್ತಿ ಗಾಳಿಯಲ್ಲಿ ನಿಲ್ಲಬೇಕು. 1,400 ಜನರ ಹಡಗಿನಲ್ಲಿ ಕಂಬಿಯ ಪಕ್ಕ ಜಾಗಕ್ಕೆ ಯಾರೂ ನೂಕಾಡಲಿಲ್ಲ. ಅದೊಂದಕ್ಕೇ ನಾನು ಮತ್ತೆ ಹಳೇ ಹಡಗಿಗೇ ಹೋಗುತ್ತೇನೆ.

ನಟ್ಟುಬೋಲ್ಟು:

ಹಡಗುಗಳ ಎಂಜಿನ್ ರೂಮಿನಲ್ಲಿ 18 ವರ್ಷ ಕೆಲಸ ಮಾಡಿದ್ದೇನೆ, ಹೆಚ್ಚಾಗಿ ಸರಕು ಹಡಗು, ಕೊನೆಯ ಐದು ವರ್ಷ ಪ್ರಯಾಣಿಕರ ಹಡಗು. ಸುರಕ್ಷತೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೇನೆ.

ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರಯಾಣಿಕರ ಹಡಗಿನ ಸುರಕ್ಷತಾ ಪ್ರಮಾಣಪತ್ರ 12 ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ಪ್ರತಿ ವರ್ಷ ತಪಾಸಣೆ ಆಗಲೇಬೇಕು. ತಳಭಾಗವನ್ನೂ ನಿಯಮದಂತೆ ಪರೀಕ್ಷಿಸಬೇಕು, ಅದಕ್ಕಾಗಿ ಹಡಗನ್ನು ಡ್ರೈಡಾಕ್‌ಗೆ ತಂದು ನೀರಿನಿಂದ ಹೊರಗೆ ಇಡುತ್ತಾರೆ. ಇದು ಹೊಸದಕ್ಕೂ ಹಳೆಯದಕ್ಕೂ ಒಂದೇ. ಇನ್ನೊಂದು, 2010ರ ಅಕ್ಟೋಬರ್ 1ರಿಂದ ಒಳಗಿನ ಕಟ್ಟಡದಲ್ಲಿ ಬೆಂಕಿ ಹತ್ತುವ ಸಾಮಗ್ರಿ ಇರಬಾರದು ಎಂಬ ನಿಯಮ ಹಳೇ ಹಡಗುಗಳಿಗೂ ಜಾರಿಗೆ ಬಂತು. ಮರದ ಒಳಾಂಗಣ ಇದ್ದ ಎಷ್ಟೋ ಸುಂದರ ಹಡಗುಗಳು ಆಗಲೇ ನಿವೃತ್ತಿಯಾದವು. ನನಗೆ ಅವುಗಳ ಮೇಲೆ ಪ್ರೀತಿ ಇತ್ತು, ಆದರೂ ಆ ನಿಯಮ ಸರಿಯಾದದ್ದೇ.

ಮುಚ್ಚಿಡದೆ ಹೇಳಬೇಕಾದ ವಿಷಯವೂ ಇದೆ. 2010ರ ಜುಲೈ 1ರ ನಂತರ ಕಟ್ಟಲು ಶುರು ಮಾಡಿದ ದೊಡ್ಡ ಪ್ರಯಾಣಿಕರ ಹಡಗುಗಳಿಗೆ ಇನ್ನೊಂದು ಕಟ್ಟುನಿಟ್ಟು ಇದೆ. ಒಂದು ಮಿತಿಯೊಳಗಿನ ಬೆಂಕಿ ಬಿದ್ದರೂ, ಒಂದು ಕೋಣೆಗೆ ನೀರು ನುಗ್ಗಿದರೂ ಹಡಗು ತನ್ನ ಶಕ್ತಿಯಲ್ಲೇ ಬಂದರಿಗೆ ವಾಪಸ್ ಬರುವಂತಿರಬೇಕು. 1999ರ ಹಡಗಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಂದರೆ ಅದು ಅಪಾಯಕಾರಿ ಅಂತ ಅಲ್ಲ. ಎಂಜಿನ್ ರೂಮಿನಲ್ಲಿ ದೊಡ್ಡ ಅನಾಹುತ ಆದರೆ ಹೊಸದರಷ್ಟು ಸುಲಭವಾಗಿ ಚೇತರಿಸಿಕೊಳ್ಳಲಿಕ್ಕಿಲ್ಲ ಅಂತ ಅಷ್ಟೇ. ನಾನು ನನ್ನ ತಾಯಿಯನ್ನು ಕರೆದುಕೊಂಡು ಹೋಗುತ್ತೇನಾ ಎಂದು ಕೇಳಿದರೆ, ಹೌದು, ಹೋಗುತ್ತೇನೆ.

ಹಡಗು ಕಟ್ಟಿದ ವರ್ಷಕ್ಕಿಂತ ಕೊನೆಯ ಡ್ರೈಡಾಕ್ ಯಾವಾಗ ಆಯಿತು ಎಂದು ಹುಡುಕಿ. ಹುಡುಕುವಾಗ ಹೆಸರಿನ ಬದಲು ಐಎಂಒ ಸಂಖ್ಯೆ ಬಳಸಿ. ಅದು ಪ್ರತಿ ಹಡಗಿನ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಏಳು ಅಂಕಿಯದ್ದು, ಹಡಗು ಗುಜರಿಗೆ ಹೋಗುವವರೆಗೂ ಬದಲಾಗುವುದಿಲ್ಲ. ಹಳೇ ಹಡಗುಗಳು ಕೈ ಬದಲಾಯಿಸಿದಾಗ ಹೊಸ ಬಣ್ಣ, ಹೊಸ ಹೆಸರು ಬರುತ್ತದೆ, ಹಿಂದಿನ ಕತೆಯೆಲ್ಲ ಆ ಸಂಖ್ಯೆಯ ಕೆಳಗೇ ಸಿಗುತ್ತದೆ. ಶುಚಿತ್ವದ ಬಗ್ಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳದೆ ಕೇಳದೆ ಹಡಗು ಹತ್ತಿ ತಪಾಸಣೆ ಮಾಡಿ 100ಕ್ಕೆ ಅಂಕ ಕೊಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು. ಅಂಕಗಳನ್ನು ಯಾರು ಬೇಕಾದರೂ ನೋಡಬಹುದು. ಒಂದೇ ವರ್ಷದ್ದಲ್ಲ, ನಾಲ್ಕೈದು ವರ್ಷದ್ದು ನೋಡಿ.

ಮಳೆಕೊಡೆ:

ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಅನುಭವ ಬೇರೆ. ಅದನ್ನೂ ಕೇಳಿ.

ನಾವು ಹೋಗಿದ್ದ ಹಡಗಿಗೂ 25 ವರ್ಷ ದಾಟಿತ್ತು. ಕಂಪನಿ ಹೆಸರು ಬೇಡ. ಮೂರನೇ ದಿನ ಎಂಜಿನ್ ಒಂದರಲ್ಲಿ ತೊಂದರೆ ಬಂತು, ವೇಗ ಇಳಿಸಿದರು, ಒಂದು ಊರು ಪೂರ್ತಿ ಬಿಟ್ಟುಹೋಯಿತು. ನಮ್ಮ ಮಗ ವರ್ಷದಿಂದ ಕಾಯುತ್ತಿದ್ದ ತಿಮಿಂಗಿಲ ನೋಡುವ ದೋಣಿ ಪ್ರಯಾಣ ಅದೇ ಊರಿನಲ್ಲಿತ್ತು. ಕ್ಯಾಬಿನ್‌ನ ಎಸಿ ಎರಡು ದಿನ ಇರಲಿಲ್ಲ, ಸಿಬ್ಬಂದಿ ಪಾಪ ಹಗಲೂ ರಾತ್ರಿ ಒದ್ದಾಡಿದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಪರಿಹಾರ ಕೇಳಿದರೆ ಸಿಕ್ಕಿದ್ದು ಬಂದರಿನ ಶುಲ್ಕ ಮಾತ್ರ. ದಾರಿ ಬದಲಾಯಿಸುವ ಹಕ್ಕು ಕಂಪನಿಗೆ ಇದೆ ಎಂದು ಟಿಕೆಟ್ಟಿನ ಕರಾರಿನಲ್ಲಿ ಬರೆದಿರುತ್ತಾರೆ, ನಾವು ಓದಿರಲಿಲ್ಲ. ನೀವು ಓದಿ. ಹಾಗೇ ಹಡಗು ವಾಪಸ್ ಬರುವ ದಿನವೇ ವಿಮಾನ ಇಟ್ಟುಕೊಳ್ಳಬೇಡಿ, ಒಂದು ರಾತ್ರಿ ಬಿಟ್ಟು ಇಟ್ಟುಕೊಳ್ಳಿ.

ಮತ್ತೊಂದು, ಮಳೆ. ಅಲಾಸ್ಕಾದ ಆ ಭಾಗ ಮಳೆಕಾಡು. ಕೆಚಿಕಾನ್ ಊರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಸುರಿಯುತ್ತದೆ. ನಮಗೆ ಏಳರಲ್ಲಿ ನಾಲ್ಕು ದಿನ ಮಳೆ. ದೊಡ್ಡ ಹೊಸ ಹಡಗಿನಲ್ಲಾದರೆ ಮಕ್ಕಳಿಗೆ ಒಳಗೇ ನೂರು ಆಟ, ಎರಡಂತಸ್ತಿನ ಗಾಜಿನ ಹಾಲ್‌ಗಳು. ನಮ್ಮದರಲ್ಲಿ ಮುಂಭಾಗದ ಒಂದೇ ಒಂದು ಗಾಜಿನ ಕೋಣೆ, ಬೆಳಗ್ಗೆ ಏಳಕ್ಕೇ ಕುರ್ಚಿ ಭರ್ತಿ. ಮಕ್ಕಳಿದ್ದರೆ ನಾನು ಖಂಡಿತ ಹೊಸದನ್ನೇ ಆರಿಸುತ್ತೇನೆ. ಇಬ್ಬರೇ ದೊಡ್ಡವರು, ಸುಮ್ನೆ ಕೂತು ನೋಡುವವರು ಅಂದರೆ ಬೇರೆ ಮಾತು.

ತೀರದಾಚೆ:

ಎಷ್ಟೊಂದು ವಿವರ! ಎಲ್ಲರಿಗೂ ತುಂಬಾ ಧನ್ಯವಾದ. ಮಳೆಕೊಡೆ ಅವರೇ, ನಿಮ್ಮ ಮಗನ ವಿಷಯ ಓದಿ ಬೇಸರವಾಯಿತು. ಡ್ರೈಡಾಕ್ ಹುಡುಕಿದೆ, ನಮ್ಮ ಹಡಗಿಗೆ ಹಿಂದಿನ ವರ್ಷದ ಕೊನೆಯಲ್ಲಿ ಆಗಿದೆ. ಸಿಡಿಸಿ ಅಂಕಗಳೂ ನಾಲ್ಕು ವರ್ಷದಿಂದ 90ರ ಮೇಲೇ ಇವೆ. ತಂಗಿಗೆ ಕಳಿಸಿದೆ, ಈಗ ಸ್ವಲ್ಪ ಮೆತ್ತಗಾಗಿದ್ದಾಳೆ.

ಉಳಿದಿರುವುದು ಕ್ಯಾಬಿನ್ ಮತ್ತು ಅಲುಗಾಟ. ಅಮ್ಮನಿಗೆ ಬಸ್ಸಿನಲ್ಲೇ ತಲೆಸುತ್ತು ಬರುತ್ತದೆ.

ಉಪ್ಪುಗಾಳಿ:

ಅಲುಗಾಟಕ್ಕೆ ಹಡಗಿಗಿಂತ ದಾರಿ ಮುಖ್ಯ. ಇದರಲ್ಲಿ ನಿಮಗೆ ವ್ಯಾಂಕೂವರ್ ಹೊರಡುವ ಜಾಗವಾಗಿ ಸಿಕ್ಕಿರುವುದು ಒಳ್ಳೆಯದಾಯಿತು. ಅಲ್ಲಿಂದ ಹೊರಟ ಹಡಗು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಒಳಬದಿಯಿಂದ, ಇನ್‌ಸೈಡ್ ಪ್ಯಾಸೇಜ್‌ನಲ್ಲಿ ಹೋಗುತ್ತದೆ. ಎರಡೂ ಕಡೆ ನೆಲ, ನೀರು ಕೆರೆಯ ಹಾಗೆ. ಸಿಯಾಟಲ್‌ನಿಂದ ಹೊರಡುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ಆ ದ್ವೀಪದ ಹೊರಬದಿಯಿಂದ ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ, ಅಲ್ಲಿ ಅಲೆ ಇರುತ್ತದೆ. ಆದರೂ ನಿಮ್ಮ ದಾರಿಯಲ್ಲೂ ಕ್ವೀನ್ ಷಾರ್ಲೆಟ್ ಸೌಂಡ್ ದಾಟುವಾಗ ಕೆಲವು ಗಂಟೆ ಸಮುದ್ರ ತೆರೆದುಕೊಳ್ಳುತ್ತದೆ. ಅದಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ತಲೆಸುತ್ತು ಶುರುವಾದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ.

ಕ್ಯಾಬಿನ್ ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ, ಲಿಫ್ಟಿಗೆ ಹತ್ತಿರ ತೆಗೆದುಕೊಳ್ಳಿ. ಸೀಸಾ ಆಟದ ಹಲಗೆ ನೆನಪಿಸಿಕೊಳ್ಳಿ, ನಡುವೆ ಕೂತವರಿಗೆ ಏಳುಬೀಳು ಕಡಿಮೆ ಅಲ್ವಾ, ಇಲ್ಲೂ ಹಾಗೇ. ಹಿಂಭಾಗದ ಕ್ಯಾಬಿನ್ ಬೇಡ, ಹಳೇ ಹಡಗುಗಳಲ್ಲಿ ಪ್ರೊಪೆಲ್ಲರ್ ನಡುಕ ಹಾಸಿಗೆಗೂ ಬರುತ್ತದೆ. ತೀರಾ ಮುಂಭಾಗವೂ ಬೇಡ, ಬೆಳಗಿನ ಜಾವ ಬಂದರಿಗೆ ಬರುವಾಗ ಲಂಗರಿನ ಸರಪಳಿ ಸದ್ದಿಗೆ ಬೆಚ್ಚಿಬೀಳುತ್ತಾರೆ.

ಬಾಲ್ಕನಿಗೆ ಜಾಸ್ತಿ ಕೊಡಬೇಡಿ, ಆ ಕಾಲದ ಹಡಗುಗಳಲ್ಲಿ ಬಾಲ್ಕನಿಗಳೂ ಕಡಿಮೆ. ಆದರೆ ಕಿಟಕಿ ಇಲ್ಲದ ಕ್ಯಾಬಿನ್ ಬೇಡ. ನನಗಾಗಿದ್ದರೆ ಪರವಾಗಿಲ್ಲ, ಅಮ್ಮನಿಗೆ ಮಂಡಿ ನೋವು ಜಾಸ್ತಿಯಾದ ದಿನ ಹಾಸಿಗೆಯಲ್ಲೇ ಕೂತು ಬೆಟ್ಟ ನೋಡಲಿ. ಅಲ್ಲಿ ಜೂನ್‌ನಲ್ಲಿ ಬೆಳಕು 18 ಗಂಟೆ ಇರುತ್ತದೆ, ಕಿಟಕಿಗೆ ಕೊಟ್ಟ ದುಡ್ಡು ವ್ಯರ್ಥವಾಗುವುದಿಲ್ಲ. ಬುಕ್ ಮಾಡುವಾಗ ಡೆಕ್ ನಕ್ಷೆ ಹಿಡಿದುಕೊಂಡು ನೋಡಿ. ಕೆಲವು ಕಿಟಕಿಗಳ ಮುಂದೆ ಲೈಫ್‌ಬೋಟ್ ನೇತಾಡುತ್ತಿರುತ್ತದೆ. ಕೆಲವು ಹಡಗುಗಳಲ್ಲಿ ಪ್ರಾಮೆನೇಡ್ ಡೆಕ್‌ನಲ್ಲೇ ಕ್ಯಾಬಿನ್ ಇರುತ್ತವೆ, ಜನ ಕಿಟಕಿ ಮುಂದೆಯೇ ಓಡಾಡುತ್ತಾರೆ, ರಾತ್ರಿ ಪರದೆ ಎಳೆಯದೆ ದೀಪ ಹಾಕಬಾರದು.

ನಟ್ಟುಬೋಲ್ಟು:

ಇದಕ್ಕೆ ಒಂದೆರಡು ಸೇರಿಸುತ್ತೇನೆ. ನೀರಿನ ಕೆಳಗೆ ಎರಡೂ ಬದಿ ರೆಕ್ಕೆಯ ಹಾಗೆ ಚಾಚುವ ಸ್ಟೆಬಿಲೈಸರ್‌ಗಳು ಹಳೇ ಹಡಗಿನಲ್ಲೂ ಇರುತ್ತವೆ. ಅವು ಎಡಬಲ ಹೊಯ್ದಾಟವನ್ನು ತಗ್ಗಿಸುತ್ತವೆ, ಮೂತಿ ಮೇಲೆ ಕೆಳಗೆ ಹೋಗುವುದನ್ನಲ್ಲ.

ಅಮ್ಮನ ಮಂಡಿಗೆ ಸಂಬಂಧಪಟ್ಟದ್ದು, ಗಮನವಿಟ್ಟು ಓದಿ. ಆ ಕಾಲದ ಹಡಗುಗಳ ಬಾತ್‌ರೂಮಿಗೆ ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರದಿರಲಿ ಅಂತ. ನಿದ್ದೆಗಣ್ಣಿನಲ್ಲಿ ಎಡವುವುದು ಅಲ್ಲೇ. ಹಲವು ಕ್ಯಾಬಿನ್‌ಗಳಲ್ಲಿ ಸ್ನಾನಕ್ಕೆ ತೊಟ್ಟಿ ಇರುತ್ತದೆ, ಅದರ ಅಂಚು ದಾಟಿ ಒಳಗೆ ಕಾಲಿಡಬೇಕು, ಮಂಡಿ ನೋವಿದ್ದವರಿಗೆ ಅದು ಕಷ್ಟ. ಬುಕ್ ಮಾಡುವಾಗಲೇ ಕೇಳಿ, ತೊಟ್ಟಿ ಇಲ್ಲದೆ ಬರೀ ಶವರ್ ಇರುವ ಕ್ಯಾಬಿನ್ ಸಿಗುತ್ತದಾ ಎಂದು. ಹೊಸ್ತಿಲೇ ಇಲ್ಲದ ಕ್ಯಾಬಿನ್‌ಗಳು ಬೆರಳೆಣಿಕೆಯಷ್ಟು, ಅವು ಗಾಲಿಕುರ್ಚಿ ಬಳಸುವವರಿಗೆ ಮೀಸಲು. ರಾತ್ರಿಗೆ ಒಂದು ಸಣ್ಣ ಬ್ಯಾಟರಿ ದೀಪ ತೆಗೆದುಕೊಂಡು ಹೋಗಿ. ಗೋಡೆಗಳು ಸಾಮಾನ್ಯವಾಗಿ ಉಕ್ಕಿನವು, ಅಯಸ್ಕಾಂತ ಇರುವ ದೀಪವಾದರೆ ಬಾಗಿಲ ಪಕ್ಕ ಅಂಟಿಕೊಳ್ಳುತ್ತದೆ.

ಪ್ಲಗ್ ಪಾಯಿಂಟ್ ಒಂದೋ ಎರಡೋ ಇರುತ್ತವೆ. ಅದಕ್ಕೆ ಅಂತ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಒಯ್ಯಬೇಡಿ, ಹಡಗಿನ ವಿದ್ಯುತ್ ವ್ಯವಸ್ಥೆಗೆ ಅದು ಹೊಂದುವುದಿಲ್ಲ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಲವು ಫೋನ್ ಹಾಕಬಹುದಾದ ಯುಎಸ್‌ಬಿ ಚಾರ್ಜರ್ ಸಾಕು.

ಕಡಲಹಕ್ಕಿ:

ಸ್ವಲ್ಪ ತಡವಾಗಿ ಬಂದೆ. ಇಲ್ಲಿ ಎಲ್ಲರೂ ಹಳೇ ಹೊಸ ಎನ್ನುತ್ತಿದ್ದೀರಿ, ನನಗೆ ಅನ್ನಿಸುವುದು ಅಸಲು ವ್ಯತ್ಯಾಸ ಗಾತ್ರದ್ದು. ಈಗ ಚಿಕ್ಕ ಹಡಗು ಬೇಕೆಂದರೆ, ತುಂಬಾ ದುಬಾರಿಯವನ್ನು ಬಿಟ್ಟರೆ, ಹೆಚ್ಚಾಗಿ ಹಳೆಯವೇ ಸಿಗುತ್ತವೆ. ಚಿಕ್ಕದಾದರೆ ದೊಡ್ಡವು ನುಗ್ಗಲಾಗದ ಕಡೆಗೂ ಹೋಗುತ್ತದೆ. ಗ್ರೀಸ್‌ನ ಕೊರಿಂಥ್ ಕಾಲುವೆ ನೀರಿನ ಮಟ್ಟದಲ್ಲಿ 25 ಮೀಟರ್ ಕೂಡ ಅಗಲವಿಲ್ಲ. 2019ರಲ್ಲಿ ಬ್ರೇಮಾರ್ ಎಂಬ ಹಡಗು ಅದನ್ನು ದಾಟಿತು, ಹಾಗೆ ದಾಟಿದ ಅತಿ ಉದ್ದದ ಹಡಗು ಎಂದು ಹೆಸರಾಯಿತು. ಅದು 1993ರದ್ದು, ಅಗಲ 22.5 ಮೀಟರ್. ಪನಾಮಾ ಕಾಲುವೆಯಲ್ಲಿ ನೀರು ತುಂಬಿ ಹಡಗುಗಳನ್ನು ಎತ್ತಿ ಇಳಿಸುವ 1914ರ ಹಳೇ ಲಾಕ್‌ಗಳಲ್ಲೂ ಇದೇ ಕತೆ, ಅಗಲ 33.5 ಮೀಟರ್ ಅಷ್ಟೇ. ಈಗಿನ ದೈತ್ಯ ಹಡಗುಗಳು 2016ರಲ್ಲಿ ತೆರೆದ ಹೊಸ ಲಾಕ್‌ಗಳಲ್ಲಿ ಹೋಗಬೇಕು. ಹಳೇ ಲಾಕ್‌ನಲ್ಲಿ ನಾನು ಕೆಳಗಿನ ಡೆಕ್ ಮೇಲೆ ನಿಂತಿದ್ದಾಗ ಕಾಂಕ್ರೀಟ್ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇತ್ತು, ಆ ಅನುಭವವನ್ನು ನಾನು ಯಾವ ದೊಡ್ಡ ಹಡಗಿನ ಈಜುಕೊಳಕ್ಕೂ ಬಿಟ್ಟುಕೊಡುವುದಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಮಂಡಿ ನೋವಿದ್ದವರಿಗೆ ಚಿಕ್ಕ ಹಡಗಿನಲ್ಲಿ ನಡಿಗೆಯೂ ಕಡಿಮೆ. ಹಡಗಿನ ಉದ್ದ ಸುಮಾರು 240 ಮೀಟರ್ ಎಲ್ಲಿ, 330 ಮೀಟರ್ ಎಲ್ಲಿ, ಅದೂ ಊಟಕ್ಕೆ ದಿನಕ್ಕೆ ಮೂರು ಸಲ! ಮತ್ತೆ ತಿಂಗಳು ಆರಿಸುವ ಅವಕಾಶ ಇದ್ದರೆ ಇದನ್ನೂ ನೋಡಿ. ಗ್ಲೇಸಿಯರ್ ಬೇ ಒಳಗಿನ ಜಾನ್ಸ್ ಹಾಪ್ಕಿನ್ಸ್ ಎಂಬ ಕವಲಿನಲ್ಲಿ ಸೀಲ್‌ಗಳು ತೇಲುವ ಹಿಮದ ಮೇಲೆ ಮರಿ ಹಾಕುತ್ತವೆ, ಅದಕ್ಕೇ ಮೇ ತಿಂಗಳಿಂದ ಆಗಸ್ಟ್ ಕೊನೆಯವರೆಗೆ ಕ್ರೂಸ್ ಹಡಗುಗಳನ್ನು ಅಲ್ಲಿಗೆ ಬಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋದರೆ ಹಿಮ ಅಡ್ಡ ಬರದಿದ್ದಾಗ ಅದನ್ನೂ ನೋಡಬಹುದು. ಆದರೆ ಆಗ ಮಳೆ ಜಾಸ್ತಿ. ಅಮ್ಮನಿಗೆ ಚಳಿ ಆಗದಿದ್ದರೆ ಮಾತ್ರ ಯೋಚಿಸಿ.

ತೀರದಾಚೆ:

ಬುಕ್ ಮಾಡಿಬಿಟ್ಟೆ! ಹಳೇ ಹಡಗು, ಜೂನ್, ಕೆಳಗಿನಿಂದ ಎರಡನೇ ಅಂತಸ್ತು, ನಡುವೆ, ಕಿಟಕಿ ಇದೆ, ಮುಂದೆ ಲೈಫ್‌ಬೋಟ್ ಇಲ್ಲ. ಶವರ್ ಮಾತ್ರ ಇರುವ ಕ್ಯಾಬಿನ್ ಸಿಕ್ಕಿತು, ಅದಕ್ಕೆ ಎರಡು ಸಲ ಫೋನ್ ಮಾಡಬೇಕಾಯಿತು. ವಾಪಸ್ ವಿಮಾನ ಒಂದು ದಿನ ಬಿಟ್ಟು ಇಟ್ಟಿದ್ದೇನೆ. ಅಮ್ಮ ಈಗಲೇ ದುರ್ಬೀನು ಕೊಡಿಸು ಎನ್ನುತ್ತಿದ್ದಾರೆ.

ಒಂದೇ ಒಂದು ಕೊನೆಯ ಪ್ರಶ್ನೆ. ಹಿಮನದಿ ಮುಂದೆ ಹಡಗು ನಿಂತಾಗ ಯಾವ ಬದಿಯಲ್ಲಿ ಕೂತರೆ ಒಳ್ಳೆಯದು? ಎಡಕ್ಕಾ, ಬಲಕ್ಕಾ? ಅಮ್ಮನನ್ನು ಮೊದಲೇ ಒಳ್ಳೆ ಜಾಗದಲ್ಲಿ ಕೂರಿಸಬೇಕು.

ಉಪ್ಪುಗಾಳಿ:

ತುಂಬಾ ಸಂತೋಷ! ಯಾವ ಬದಿಯಾದರೂ ಸರಿ. ಗಾಳಿ ಕಡಿಮೆ ಇರುವ ಕಡೆ ಪ್ರಾಮೆನೇಡ್ ಡೆಕ್‌ನಲ್ಲಿ ಒಂದು ಕುರ್ಚಿ ನೋಡಿ ಕೂರಿಸಿ, ಟೋಪಿ, ಗ್ಲೌಸ್ ಹಾಕಿಸಿ, ಕಾಲಿಗೆ ಕಂಬಳಿ ಹೊದಿಸಿ, ಜೂನ್ ಆದರೂ ಹಿಮದ ಮೇಲಿಂದ ಬರುವ ಗಾಳಿ ಕೊರೆಯುತ್ತದೆ. ಜನ ಆ ಕಡೆಯಿಂದ ಈ ಕಡೆಗೆ ಓಡುವುದನ್ನು ನೋಡಿ ನೀವು ಅಮ್ಮನನ್ನು ಎಬ್ಬಿಸಬೇಡಿ. ಕ್ಯಾಪ್ಟನ್ ಅಲ್ಲಿ ಹಡಗನ್ನು ನಿಂತಲ್ಲೇ ನಿಧಾನವಾಗಿ ತಿರುಗಿಸುತ್ತಾರೆ, ಸ್ವಲ್ಪ ಹೊತ್ತಿಗೆ ಹಿಮನದಿಯೇ ಅಮ್ಮನ ಎದುರಿಗೆ ಬರುತ್ತದೆ.